ಒಳಗೆ ಬರ್ಲಾ ಸಾರ್?

"ಮೂರು ಸಲ ಕಣಯ್ಯ! ಬೆಳಗಿಂದ ಮೂರು ಸಲ ಕೇಳ್ತು," ಎಂದರು ಮೇಷ್ಟ್ರು, ಇನ್ನೂ ಕೂತಿರಲಿಲ್ಲ.

"ಯಾರು ಸಾರ್, ಮನೆಯವರಾ?" ಸೀನ ಕೇಳಿದ.

"ಅವಳು ನನ್ನ ಕೇಳೋದು ಬಿಟ್ಟು ಇಪ್ಪತ್ತು ವರ್ಷ ಆಯ್ತು. ಕಂಪ್ಯೂಟರ್ರು. ಪ್ರಿಂಟರ್ ಹಾಕೋಕೆ ಹೋದ್ರೆ ಪರದೆಯೆಲ್ಲ ಮಬ್ಬಾಗಿ, ಈ ಆ್ಯಪು ನಿಮ್ಮ ಡಿವೈಸಲ್ಲಿ ಬದಲಾವಣೆ ಮಾಡೋಕೆ ಬಿಡ್ತೀರಾ ಅಂತ. ಬಿಡದೆ? ಡಬಲ್ ಕ್ಲಿಕ್ ಮಾಡಿದ್ದು ನಾನೇನು ಹರಕೆ ಹೊತ್ಕೊಂಡಾ?"

ಕ್ಯಾತ್ಸಂದ್ರದಲ್ಲಿ ಭಾನುವಾರ ತಟ್ಟೆ ಇಡ್ಲಿ ಬರುವಷ್ಟರಲ್ಲಿ ಎರಡು ಸರ್ಕಾರ ಬೀಳಿಸಬಹುದು. ಅವತ್ತು ಸರ್ಕಾರಕ್ಕೆ ಪುರಸೊತ್ತು ಸಿಕ್ಕಿತು.

"ಸುಲಭ ಸಾರ್," ಸೀನ ಮೊಬೈಲ್ ತೆಗೆದ. "ಎರಡು ನಿಮಿಷದ ವೀಡಿಯೊ ಇದೆ. ಸ್ಟಾರ್ಟ್ ಒತ್ತಿ ಯುಎಸಿ ಅಂತ ಹೊಡೀರಿ. 'ಚೇಂಜ್ ಯೂಸರ್ ಅಕೌಂಟ್ ಕಂಟ್ರೋಲ್ ಸೆಟ್ಟಿಂಗ್ಸ್' ಬರುತ್ತೆ. ಒಂದು ಕಂಬ, ಕಂಬಕ್ಕೊಂದು ಗುಂಡಿ. ಗುಂಡಿ ಹಿಡಿದು ತಳಕ್ಕೆ ಎಳೆದುಬಿಡಿ. ಆಮೇಲೆ ಅವರಪ್ಪನಾಣೆ ಕೇಳಲ್ಲ. ನಮ್ಮನೇದು ಹಂಗೇ ಇರೋದು."

"ಬಾಗಿಲೂ ಹಂಗೇ ಬಿಟ್ಟಿದೀಯೇನಪ್ಪ?" ನಾಗಣ್ಣ ಬಾಯಿ ತೆರೆದ. ಇನ್ನು ಇಡ್ಲಿ ಬಂದರೇ ಅದು ಮುಚ್ಚುವುದು. "ಈ ಎರಡು ನಿಮಿಷದ ಪಂಡಿತರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ನಾಯಿ ಬೊಗಳ್ತಾ, ಅಟ್ಟಿಬಿಡಿ! ಯಾರನ್ನ ನೋಡಿ ಬೊಗಳ್ತು ಅಂತ ಒಬ್ಬನೂ ಹೇಳಲ್ಲ. ಗುಂಡಿ ತಳಕ್ಕೆ ಇಳಿಸಿದ್ರೆ ಪ್ರೋಗ್ರಾಂಗಳು ಬೇಡೋದು ನಿಲ್ಲುತ್ತೆ ಅಂದ್ಕೊಂಡ್ಯಾ? ಬೇಡ್ತಾನೇ ಇರ್ತವೆ. ನಿನ್ನ ಪರವಾಗಿ ವಿಂಡೋಸೇ 'ಎಸ್, ಎಸ್' ಅಂತಿರುತ್ತೆ."

"ಸ್ವಲ್ಪ ಜಾಸ್ತೀನೇ ಬೊಗಳುತ್ತಲ್ಲಯ್ಯ."

"2007ರಲ್ಲಿ ವಿಂಡೋಸ್ ವಿಸ್ತಾ ಬಂತಲ್ಲ, ಜಾಸ್ತಿ ಬೊಗಳಿದ್ದು ಅದು. ಎಲೆ ಅಲ್ಲಾಡಿದ್ರೂ ಎದ್ದು ನಿಲ್ತಿತ್ತು. ಜನ ಬೈದು ಬೈದು 2009ರಲ್ಲಿ ವಿಂಡೋಸ್ ಸೆವೆನ್‌ಗೆ ಈ ಕಂಬ ಬಂತು. ನಾಲ್ಕು ಮೆಟ್ಟಿಲು. ತುದೀದ್ರಲ್ಲಿ ನೀವೇ ಸೆಟ್ಟಿಂಗ್ ಮುಟ್ಟಿದ್ರೂ ಕೇಳುತ್ತೆ. ಎರಡನೇದು ಮೊದಲಿಂದ ಇರೋದು: ನೀವು ಮುಟ್ಟಿದ್ರೆ ಸುಮ್ಮನಿರುತ್ತೆ, ಬೇರೆ ಪ್ರೋಗ್ರಾಂ ಕೈ ಹಾಕಿದ್ರೆ ಕೇಳುತ್ತೆ. ಮೂರನೇದೂ ಅದೇ, ಪರದೆ ಮಬ್ಬಾಗಲ್ಲ ಅಷ್ಟೇ. ನಾಲ್ಕನೇದು ಸೀನನ ಮನೆ."

"ಹಂಗಾದ್ರೆ ಮೂರನೇದು ಇಟ್ಕೋತೀನಿ. ಆ ಮಬ್ಬು ಕಂಡ್ರೆ ಎದೆ ಧಸಕ್ ಅನ್ನುತ್ತೆ."

"ಬೇಡಿ ಸಾರ್. ಮಬ್ಬಾಗಿ ಹಿಂದೆ ಕಾಣೋದು ನಿಮ್ಮ ಪರದೆಯ ಬರೀ ಫೋಟೊ. ಪ್ರಶ್ನೆ ಕೇಳೋಕೆ ನಿಮ್ಮನ್ನ ಒಳಕೋಣೆಗೆ ಕರ್ಕೊಂಡು ಹೋಗಿರುತ್ತೆ, ಉಳಿದ ಪ್ರೋಗ್ರಾಂಗಳಿಗೆ ಅಲ್ಲಿ ಪ್ರವೇಶ ಇಲ್ಲ. ಹೊರಗೇ ಕೇಳಿದ್ರೆ, ಮೊದಲೇ ಒಳಗೆ ಸೇರಿರೋ ಕಳ್ಳ ತಾನೇ 'ಎಸ್' ಒತ್ಕೊಂಡು ಹೋದಾನು. ಇರ್ಲಿ, ಮೂರು ಸಲ ಕೇಳ್ತಲ್ಲ, ನೀವು ಏನು ಒತ್ತಿದ್ರಿ?"

"ಎಸ್ಸು."

"ಓದಿದ್ರಾ?"

"34 ವರ್ಷ ಮಕ್ಕಳು ಬಾಗಿಲಲ್ಲಿ ನಿಂತು 'ಒಳಗೆ ಬರ್ಲಾ ಸಾರ್' ಅಂದಾಗ ಯಾರು ಅಂತ ತಿರುಗಿ ನೋಡಿದೀನಾ? ಬೋರ್ಡಿಗೆ ಮುಖ ಹಾಕ್ಕೊಂಡೇ 'ಹ್ಞೂಂ' ಅಂತಿದ್ದೆ."

ಹುಡುಗ ಬಂದು ಯಾರನ್ನೂ ಕೇಳದೆ ನಾಲ್ಕು ಖಾಲಿ ತಟ್ಟೆಗೂ ಚಟ್ನಿ ಸುರಿದು ಹೋದ.

"ಇವನಿಗೆ ಅಡ್ಮಿನ್ ಹಕ್ಕು ಐತೆ," ಎಂದ ರಂಗಪ್ಪ. "ನಾಗಣ್ಣ, ನಂದು ಬೇರೆ ಗೋಳು. ಕೊಬ್ಬರಿ ಮಂಡಿ ಬಿಲ್ಲಿನ ಪ್ರೋಗ್ರಾಂ, ಹಳೇದು. ದಿನಾ ಕೇಳ್ತಿತ್ತು. ಮಗ ಏನೋ ಟಿಕ್ ತೆಗ್ದ, ಕೇಳೋದು ನಿಲ್ತು. ಹದಿನೈದು ದಿವ್ಸ ಚೆನ್ನಾಗಿತ್ತು. ನಿನ್ನೆ ಯಾರೋ 'ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರಾಗಿ ಓಡ್ಸು' ಅಂದ್ರು, ಓಡ್ಸಿದೆ. ಹದಿನೈದು ದಿವ್ಸದ ಬಿಲ್ಲೇ ಮಾಯ!"

ನಾಗಣ್ಣನ ಕಣ್ಣು ಅರಳಿತು. "ಮಾಯ ಆಗಿಲ್ಲ. ನಿನ್ನ ಹತ್ರ ಈಗ ಎರಡು ಲೆಕ್ಕ ಇದೆ."

"ಎರಡು ಲೆಕ್ಕ ಇಡೋಕೆ ನಮ್ಮಪ್ಪ ಒಬ್ಬ ಗುಮಾಸ್ತನಿಗೆ ಸಂಬಳ ಕೊಡ್ತಿದ್ರು. ಇದು ಪುಕ್ಕಟೆ ಮಾಡ್ತದಾ?"

"ಪುಕ್ಕಟೆ, ನಿನಗೂ ಹೇಳ್ದೆ! ಹಳೇ ಪ್ರೋಗ್ರಾಂ ತನ್ನ ಲೆಕ್ಕವನ್ನ 'ಪ್ರೋಗ್ರಾಂ ಫೈಲ್ಸ್' ಫೋಲ್ಡರಲ್ಲೇ ಬರೆಯುತ್ತೆ. ಅಲ್ಲಿ ಬರೆಯೋಕೆ ಅಡ್ಮಿನ್ ಹಕ್ಕು ಬೇಕು. ಹಕ್ಕಿಲ್ಲದೆ ಓಡ್ಸಿದ್ರೆ, ಪಾಪ ಮುದುಕ ಅಂತ ವಿಂಡೋಸು ಅದೇ ಫೈಲಿಗೊಂದು ನಕಲು ಮಾಡಿ ನಿನ್ನ ಹೆಸರಿನ ಫೋಲ್ಡರಲ್ಲಿ ಇಡುತ್ತೆ. ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್. ಆಮೇಲಿಂದ ಬಿಲ್ಲೆಲ್ಲ ಆ ನಕಲಿಗೆ. ಅಡ್ಮಿನ್ ಆಗಿ ತೆರೆದ್ರೆ ಅಸಲು ಕಾಣುತ್ತೆ, ಮಾಮೂಲಿಯಾಗಿ ತೆರೆದ್ರೆ ನಕಲು."

"ಒಂದು ಮಾಡೋದು ಹೆಂಗೆ?"

"ಮೊದಲು ಎರಡನ್ನೂ ಪೆನ್‌ಡ್ರೈವ್‌ಗೆ ಕಾಪಿ. ತಾವಾಗಿ ಕೂಡ್ಕೊಳ್ಳಲ್ಲ, ಜಾಸ್ತಿ ಬಿಲ್ಲಿರೋದನ್ನ ಇಟ್ಕೊಂಡು ಇನ್ನೊಂದರದನ್ನ ಕೈಯಲ್ಲೇ ಏರಿಸು. ಆಮೇಲೆ ಪ್ರೋಗ್ರಾಂ ತೆಗೆದು ಡಿ ಡ್ರೈವಲ್ಲಿ ಮಾಮೂಲಿ ಫೋಲ್ಡರ್ ಮಾಡಿ ಅಲ್ಲಿ ಹಾಕು. ಅಲ್ಲಿ ಬರೆಯೋಕೆ ಯಾರಪ್ಪಣೇನೂ ಬೇಡ. ಪ್ರಾಪರ್ಟೀಸಲ್ಲಿ ಕಂಪ್ಯಾಟಿಬಿಲಿಟಿ ತೆರೆದು, ಅಡ್ಮಿನಿಸ್ಟ್ರೇಟರಾಗಿ ಓಡ್ಸೋ ಟಿಕ್ ಇಲ್ಲ ಅಂತ ನೋಡ್ಕೊ."

"ಅಷ್ಟಾದ್ರೂ ಕೇಳಿದ್ರೆ?"

"ಅದು ಹುಟ್ಟುಗುಣ, ಮಾಡಿದೋನೇ ಒಳಗೆ ಬರೆದಿಟ್ಟಿರ್ತಾನೆ. ಆಗ ವಿಂಡೋಸಲ್ಲೇ ಇರೋ ಟಾಸ್ಕ್ ಶೆಡ್ಯೂಲರಲ್ಲಿ 'ಕ್ರಿಯೇಟ್ ಟಾಸ್ಕ್'. ಇಂಗ್ಲಿಷಲ್ಲಿ ಒಂದು ಹೆಸರು, ಮಧ್ಯ ಜಾಗ ಬಿಡದೆ. 'ರನ್ ವಿತ್ ಹೈಯೆಸ್ಟ್ ಪ್ರಿವಿಲೆಜಸ್' ಟಿಕ್. ಆ್ಯಕ್ಷನ್ಸಲ್ಲಿ ಪ್ರೋಗ್ರಾಂ ತೋರಿಸು. ಡೆಸ್ಕ್‌ಟಾಪಲ್ಲಿ ಹೊಸ ಶಾರ್ಟ್‌ಕಟ್ ಮಾಡಿ, ವಿಳಾಸ ಕೇಳೋ ಕಡೆ ಹಿಂಗೆ ಹೊಡಿ: ಎಸ್ ಸಿ ಎಚ್, ಅದಕ್ಕೇ ಅಂಟಿಸಿ ಟಾಸ್ಕ್ಸ್, ಜಾಗ, ಸ್ಲ್ಯಾಶ್ ರನ್, ಜಾಗ, ಸ್ಲ್ಯಾಶ್ ಟಿಎನ್, ಜಾಗ, ಆ ಹೆಸರು. ಪ್ರಶ್ನೆ ಇಲ್ಲದೆ ತೆರೆಯುತ್ತೆ. ನಂಬಿಕಸ್ಥ ಪ್ರೋಗ್ರಾಂಗೆ ಮಾತ್ರ, ಕಂಡಕಂಡದ್ದಕ್ಕಲ್ಲ."

"ಸುಳ್ಳು," ಎಂದ ಸೀನ. "ಗುಂಡಿ ಎಳೆಯೋ ಮುಂಚೆ ನಾನು ಅದನ್ನೇ ಮಾಡಿದ್ದು. ಒಂದಿನ ತೆರೆಯುತ್ತೆ, ಒಂದಿನ ಇಲ್ಲ."

"ತೆರೀದಿದ್ದ ದಿನ ಕರೆಂಟ್ ಹೋಗಿತ್ತಾ?"

ಸೀನ ಯೋಚಿಸಿದ. "...ಹೂಂ, ಅಲ್ವಾ!"

"ಲ್ಯಾಪ್‌ಟಾಪು. ಕಂಡಿಷನ್ಸ್ ಅನ್ನೋ ಕಡೆ, ಎಸಿ ಪವರ್, ಅಂದ್ರೆ ಗೋಡೆ ಕರೆಂಟು, ಇದ್ರೆ ಮಾತ್ರ ಶುರು ಮಾಡು ಅನ್ನೋ ಟಿಕ್ಕು ಮೊದಲೇ ಬಿದ್ದಿರುತ್ತೆ. ಬೇಸಿಗೇಲಿ ಆ ಟಿಕ್ ಇಟ್ಕೊಂಡು ತುಮಕೂರಲ್ಲಿ ಬಾಳೋಕಾಗುತ್ತೇನೋ? ಅದೊಂದು ತೆಗೆಯೋಕೆ ಸೋಮಾರಿತನ ಪಟ್ಟು ಇಡೀ ಮನೆ ಬಾಗಿಲು ಕಿತ್ತಿಟ್ಟೆ."

ಇಡ್ಲಿ ಬಂತು. ಬೆಣ್ಣೆ ಕರಗಿ ಅಂಚಿಗೆ ಇಳಿಯುತ್ತಿತ್ತು. ಮೇಷ್ಟ್ರು ಮುಟ್ಟಲಿಲ್ಲ.

"ಮೂರನೇ ಸಲ ಕೇಳಿದ್ದು ನನ್ನದಲ್ಲ. ಮೊಮ್ಮಗ ಎಲ್ಲಿಂದಲೋ ಇಳಿಸಿದ ಆಟ. ಮೇಲೆ ಹಳದಿ ಪಟ್ಟಿ ಇತ್ತು."

"ನೀಲಿ ಇದ್ರೆ ಮಾಡಿದೋರ ಸಹಿ ಇದೆ ಅಂತ. ಹಳದಿ ಇದ್ರೆ ಯಾರು ಮಾಡಿದ್ದೋ ಗೊತ್ತಿಲ್ಲ ಅಂತ. ಅವನು ನಿಮ್ಮ ಅಕೌಂಟಲ್ಲೇ ಕೂರ್ತಾನಾ? ಸೆಟ್ಟಿಂಗ್ಸಲ್ಲಿ ಅಕೌಂಟ್ಸ್‌ಗೆ ಹೋಗಿ ಅವನಿಗೊಂದು ಬೇರೆ ಮಾಡಿ, ಸ್ಟ್ಯಾಂಡರ್ಡ್ ಯೂಸರ್ ಅಂತ. ನೀವು ಅಡ್ಮಿನ್ ಆಗೇ ಇರಿ. ಎಲ್ಲರನ್ನೂ ಸ್ಟ್ಯಾಂಡರ್ಡ್ ಮಾಡ್ಕೊಂಡು ಕೂತ್ರೆ ಮನೆಗೆ ಯಜಮಾನನೇ ಇರಲ್ಲ."

"ಆಮೇಲೆ?"

"ಅಡ್ಮಿನ್ ಹಕ್ಕು ಬೇಕಾದ್ದನ್ನ ಅವನು ಹಾಕೋಕೆ ಹೋದ್ರೆ ಬರೀ 'ಎಸ್' ಒತ್ತಿ ದಾಟೋಕಾಗಲ್ಲ. ನಿಮ್ಮ ಪಾಸ್‌ವರ್ಡ್ ಕೇಳುತ್ತೆ."

"ಅಂದ್ರೆ ಅವನು ನನ್ನ ರೂಮಿಗೆ ಬರ್ಬೇಕು."

"ಬರ್ಲೇಬೇಕು."

"ಊಟಕ್ಕೆ ಕರೆಯೋಕೂ ವಾಟ್ಸಾಪ್ ಮಾಡ್ತಾನೆ ಈಗ." ಮೇಷ್ಟ್ರು ಇಡ್ಲಿ ಮುರಿದು ಕೈಯಲ್ಲೇ ಹಿಡಿದುಕೊಂಡರು. "ನಾನು ಒಂದೇ ಬೆರಳಲ್ಲಿ ಹೊಡೆಯೋದು ನಾಗಣ್ಣ, ಹೊತ್ತಾಗುತ್ತೆ. ಅಷ್ಟು ಹೊತ್ತೂ ಪಕ್ಕದಲ್ಲಿ ನಿಂತಿರ್ತಾನಾ?"

"ಈಗಿನ ಪಾಸ್‌ವರ್ಡ್ ಎಷ್ಟಕ್ಷರ ಸಾರ್?"

"ಆರು."

"ಹದಿನಾರು ಮಾಡ್ಕೊಳಿ," ಎಂದ ನಾಗಣ್ಣ.