ಎತ್ತುವುದೂ ‘ಸಂಕೋಚನ’ವೇ? ಮಲ್ಟಿಬ್ಯಾಂಡ್ ಡೈನಾಮಿಕ್ಸ್ ಪ್ಲಗಿನ್‌ಗಳ ಪದಗಳ ಬಗ್ಗೆ

ಮಾನ್ಯರೇ,

ಧ್ವನಿಮಿಶ್ರಣದಲ್ಲಿ ದನಿಯನ್ನು ಆವರ್ತನದ ಹಲವು ಪಟ್ಟಿಗಳಾಗಿ (ಬ್ಯಾಂಡ್‌ಗಳಾಗಿ) ಒಡೆದು ಒಂದೊಂದರ ಜೋರನ್ನೂ ಬೇರೆಬೇರೆಯಾಗಿ ಹದಗೊಳಿಸಲು ಬಳಸುವ ಮಲ್ಟಿಬ್ಯಾಂಡ್ ಡೈನಾಮಿಕ್ಸ್ ಪ್ಲಗಿನ್‌ಗಳನ್ನು ಒಂದರೊಡನೊಂದು ಹೋಲಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ಪ್ಲಗಿನ್, ಬ್ಯಾಂಡ್, ಡೆಸಿಬೆಲ್ ಮುಂತಾದವನ್ನು ಹಾಗೆಯೇ ಉಳಿಸಿಕೊಳ್ಳಲು ನನ್ನ ಅಡ್ಡಿಯಿಲ್ಲ. ತೊಡಕಿರುವುದು ದನಿಯ ಏರಿಳಿತವನ್ನು ಕಿರಿದಾಗಿಸುವ ‘ಕಂಪ್ರೆಶನ್’ ಬಳಿ. ‘ಸಂಕೋಚನ’ ಎಂದು ಬರೆದರೆ, ಎಂಪಿ3ಯಂತೆ ಕಡತದ ಗಾತ್ರವನ್ನು ಕಿರಿದಾಗಿಸುವ ಕೆಲಸವೆಂದು ಓದುಗರು ತಿಳಿಯುವ ಸಂಭವವಿದೆ. ‘ಅದುಮುವುದು’ ಎಂದರೆ ಆ ಗೊಂದಲವೇನೋ ತಪ್ಪುತ್ತದೆ, ಆದರೆ ಆ ಪದ ಅರ್ಧ ಕೆಲಸಕ್ಕಷ್ಟೇ ಹೊಂದುತ್ತದೆ.

ಥ್ರೆಶೋಲ್ಡನ್ನು, ಎಂದರೆ ದನಿ ದಾಟಿದೊಡನೆ ಪ್ಲಗಿನ್ ಕೆಲಸಕ್ಕಿಳಿಯುವ ಮಟ್ಟವನ್ನು, −20 ಡೆಸಿಬೆಲ್‌ಗೂ ಅನುಪಾತವನ್ನು 4:1ಕ್ಕೂ ಇಟ್ಟಿದ್ದೇವೆ ಎನ್ನೋಣ. ಆಗ −12ಕ್ಕೆ ಏರಿದ ದನಿಯಲ್ಲಿ ಥ್ರೆಶೋಲ್ಡನ್ನು ಮೀರಿದ 8 ಡೆಸಿಬೆಲ್ 2ಕ್ಕೆ ಇಳಿದು, ದನಿ −18ರಲ್ಲಿ ನಿಲ್ಲುತ್ತದೆ. ಇದನ್ನು ಅದುಮುವುದೆನ್ನಬಹುದು. ಆದರೆ ಸಂಗೀತ ತಯಾರಿಕೆಯ ತಂತ್ರಾಂಶವಾದ ಏಬಲ್ಟನ್ ಲೈವ್‌ನ ಮಲ್ಟಿಬ್ಯಾಂಡ್ ಡೈನಾಮಿಕ್ಸ್‌ನಲ್ಲಿ ಮೂರು ಬ್ಯಾಂಡ್‌ಗಳಿಗೂ ಮೇಲೊಂದು, ಕೆಳಗೊಂದು ಥ್ರೆಶೋಲ್ಡ್ ಇದ್ದು, ಕೆಳಗಿನದನ್ನು ಮುಟ್ಟದ ಮೆಲುದನಿಯನ್ನು ಮೇಲೆತ್ತುವ ಕ್ರಿಯೆಗೂ ಕಂಪ್ರೆಶನ್ ಎಂದೇ ಹೆಸರು. ಎಕ್ಸ್‌ಫರ್ ಓಟಿಟಿ ಎಂಬ ಪ್ಲಗಿನ್ ಈ ಎರಡನ್ನೂ ಒಟ್ಟಿಗೇ ಮಾಡುತ್ತದೆ. ಅದನ್ನು ಹಾಕಿದೊಡನೆ ಅಡಗಿದ್ದ ಉಸಿರು, ಅನುರಣನಗಳೆಲ್ಲ ಮುಂದೆ ಬರುವುದು ಅದರಿಂದಲೇ. ಎತ್ತುವುದನ್ನು ಅದುಮುವುದೆಂದು ಕರೆಯುವುದು ಹೇಗೆ? ‘ಮೇಲ್ಮುಖ ಸಂಕೋಚನ’ ನೋಡಲು ಗಂಭೀರವಾಗಿದೆಯೇ ಹೊರತು ಏನು ನಡೆಯುತ್ತಿದೆ ಎಂಬುದನ್ನು ತಿಳಿಸುವುದಿಲ್ಲ.

ನನ್ನ ಎಣಿಕೆಯಲ್ಲಿ ಇಲ್ಲಿ ಕುಗ್ಗುವುದು ದನಿಯಲ್ಲ, ಜೋರುದನಿಗೂ ಮೆಲುದನಿಗೂ ನಡುವಿನ ಅಂತರ. ಹಾಗಾಗಿ ‘ಮೇಲಿನಿಂದ ಕುಗ್ಗಿಸುವುದು’, ‘ಕೆಳಗಿನಿಂದ ಕುಗ್ಗಿಸುವುದು’ ಎಂದೂ, ಈ ಅಂತರವನ್ನು ಹೆಚ್ಚಿಸುವ ಎಕ್ಸ್‌ಪ್ಯಾನ್ಶನ್‌ಗೆ ‘ಮೇಲಕ್ಕೆ ಹಿಗ್ಗಿಸುವುದು’, ‘ಕೆಳಕ್ಕೆ ಹಿಗ್ಗಿಸುವುದು’ ಎಂದೂ ಬರೆದರೆ ಹೇಗೆ? ವಿಭಕ್ತಿಯೇ ದಿಕ್ಕನ್ನು ಹೇಳಿಬಿಡುತ್ತದೆ, ಬೇರೆ ವಿಶೇಷಣ ಬೇಕಾಗುವುದಿಲ್ಲ. ಶೀರ್ಷಿಕೆಗೆ ಇವು ಉದ್ದವಾದವು ಎಂಬ ಆಕ್ಷೇಪವನ್ನು ಒಪ್ಪುತ್ತೇನೆ.

ಇನ್ನೊಂದು ಸಮಸ್ಯೆ ವೇವ್ಸ್ ಸಿ4 ಎಂಬ ಪ್ಲಗಿನ್ನಿನದು. ಅದರಲ್ಲಿ ಅನುಪಾತದ ಗುಂಡಿಯೇ ಇಲ್ಲ. ಅದರ ಬದಲು ‘ರೇಂಜ್’ ಇದೆ. ಇದನ್ನು ಋಣದ ಕಡೆಗೆ ತಿರುಗಿಸಿದರೆ ಆ ಬ್ಯಾಂಡಿನ ಜೋರುದನಿ ತಗ್ಗುತ್ತದೆ, ಧನದ ಕಡೆಗೆ ತಿರುಗಿಸಿದರೆ ಏರುತ್ತದೆ, ಎರಡೂ ಗೊತ್ತುಪಡಿಸಿದಷ್ಟು ಡೆಸಿಬೆಲ್ ದಾಟದಂತೆ. ‘ವ್ಯಾಪ್ತಿ’ ಎಂದರೆ ಬ್ಯಾಂಡಿನ ಅಗಲವೆಂದು ತೋರುವುದರಿಂದ ಅದು ಸಲ್ಲದು. ‘ಮಿತಿ’ ಎನ್ನಬಹುದಿತ್ತು, ಆದರೆ ಹಲವರು ಅದನ್ನು ಥ್ರೆಶೋಲ್ಡ್‌ಗೆ ಬಳಸುತ್ತಾರೆ.

ಥ್ರೆಶೋಲ್ಡ್‌ಗೆ ‘ಹೊಸ್ತಿಲು’ ಎಂಬುದನ್ನೇ ಗಟ್ಟಿಮಾಡಿಕೊಂಡು, ‘ಮಿತಿ’ಯನ್ನು ರೇಂಜ್‌ಗೆ ಬಿಟ್ಟುಕೊಟ್ಟರೆ ಧ್ವನಿಮುದ್ರಣದಲ್ಲಿ ತೊಡಗಿರುವವರಿಗೆ ಒಪ್ಪಿಗೆಯಾದೀತೇ? ಅಥವಾ ಈ ಎರಡಕ್ಕೂ ಈಗಾಗಲೇ ಬಳಕೆಯಲ್ಲಿರುವ ಬೇರೆ ಪದಗಳಿದ್ದರೆ, ವಾಕ್ಯದಲ್ಲಿ ಬಳಸಿ ತೋರಿಸಬೇಕೆಂದು ಕೋರುತ್ತೇನೆ.