ಹಲ್ಲುನೋವು ತಾನಾಗೇ ನಿಂತುಹೋಯಿತು, ಇನ್ನೂ ತೋರಿಸಬೇಕಾ?

ಪ್ರಶ್ನೆ (ತಿಪಟೂರು ಹತ್ತಿರದಿಂದ):
ನಮಸ್ಕಾರ ಡಾಕ್ಟರೇ. ನನಗೆ 41 ವರ್ಷ. ಬಲಗಡೆ ಕೆಳಗಿನ ದವಡೆ ಹಲ್ಲು ಹುಳುಕಾಗಿ ಎರಡು ವರ್ಷ ಆಯಿತು. ಮೊದಲೆಲ್ಲ ತಣ್ಣೀರು ಕುಡಿದರೆ ಜುಂ ಅನ್ನುತ್ತಿತ್ತು, ಅಷ್ಟೆ. ಹೋದ ವಾರ ಮೂರು ರಾತ್ರಿ ನಿದ್ದೆ ಇಲ್ಲ. ಮಲಗಿದರೆ ಸಿಡಿತ ಜಾಸ್ತಿ, ಎದ್ದು ಕೂತರೆ ಸ್ವಲ್ಪ ಪರವಾಗಿಲ್ಲ. ಬಿಸಿ ಕಾಫಿ ತಾಗಿದರೆ ಜೀವ ಹೋದ ಹಾಗೆ. ಪಕ್ಕದಲ್ಲಿ ತಣ್ಣೀರಿನ ಚೊಂಬು ಇಟ್ಟುಕೊಂಡು ಗುಟುಕು ಗುಟುಕಾಗಿ ಬಾಯಲ್ಲಿ ಹಿಡಿದು ರಾತ್ರಿ ಕಳೆದೆ. ಲವಂಗದ ಎಣ್ಣೆ ಹಾಕಿದೆ, ಮೆಡಿಕಲ್‌ನಲ್ಲಿ ಕೇಳಿ ಮಾತ್ರೆ ನುಂಗಿದೆ. ನಾಲ್ಕನೇ ದಿನ ನೋವು ಪೂರ್ತಿ ಹೋಯಿತು. ಈಗ ಆ ಹಲ್ಲಿಗೆ ತಣ್ಣೀರೂ ಗೊತ್ತಾಗುತ್ತಿಲ್ಲ. ಕೊಬ್ಬರಿ ಒಡೆಯುವ ಕೆಲಸ ಬೇರೆ ನಡೆದಿದೆ. ವಾಸಿಯಾಗಿದೆ ಅಂತ ಬಿಡಬಹುದಾ?

ಉತ್ತರ (ದಂತವೈದ್ಯೆ):
ಬಿಡಬೇಡಿ. ಈ ವಾರವೇ ತೋರಿಸಿ. ನೀವು ಬರೆದಿರುವುದನ್ನು ನೋಡಿದರೆ ಹಲ್ಲು ವಾಸಿಯಾಗಿಲ್ಲ, ಅದರ ನರ ಸತ್ತಿರುವ ಹಾಗಿದೆ.

ಹಲ್ಲಿನ ಒಳಗೆ ಒಂದು ಸಣ್ಣ ಕೋಣೆ ಇದೆ. ನರ, ರಕ್ತನಾಳ ಎಲ್ಲ ಅಲ್ಲೇ ಇರುತ್ತವೆ. ಕಾಲಿಗೆ ಪೆಟ್ಟಾದರೆ ಚರ್ಮ ಹಿಗ್ಗಿ ಊತಕ್ಕೆ ಜಾಗ ಕೊಡುತ್ತದೆ. ಹಲ್ಲಿನ ಕೋಣೆಗೆ ಸುತ್ತಲೂ ಗಟ್ಟಿ ಗೋಡೆ. ಊದಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಮಲಗಿದಾಗ ತಲೆಯ ಕಡೆ ರಕ್ತ ಜಾಸ್ತಿ ಹರಿಯುವುದರಿಂದ ರಾತ್ರಿಯ ಸಿಡಿತ ಅಷ್ಟು ಕೆಟ್ಟದ್ದು.

ತಣ್ಣೀರಿಗೆ ಜುಂ ಅಂದು ಒಂದೆರಡು ಸೆಕೆಂಡಿನಲ್ಲಿ ಹೋಗುತ್ತಿದ್ದ ಕಾಲಕ್ಕೆ ನರ ಬಹುಶಃ ಚೆನ್ನಾಗೇ ಇತ್ತು. ಆಗ ಹುಳುಕು ತೆಗೆದು ಸಿಮೆಂಟ್ ತುಂಬಿದ್ದರೆ ಸಾಕಾಗುತ್ತಿತ್ತು. ಏನೂ ತಾಗದೆ ತಾನಾಗೇ ಸಿಡಿಯುವುದು, ಬಿಸಿಗೆ ಕೆರಳಿ ಎಷ್ಟೋ ಹೊತ್ತು ಉಳಿಯುವುದು, ತಣ್ಣೀರಿಗೆ ಶಮನವಾಗುವುದು, ಇವೆಲ್ಲ ನರ ಮತ್ತೆ ಸರಿಹೋಗುವ ಹಂತ ದಾಟಿದೆ ಅನ್ನುವ ಗುರುತು. ಕೊನೆಗೆ ಅದು ಸತ್ತರೆ ನೋವು ನಿಲ್ಲುತ್ತದೆ. ಸೋಂಕು ಮಾತ್ರ ಅಲ್ಲೇ ಇರುತ್ತದೆ. ಬೇರಿನ ತುದಿಯಿಂದ ಇಳಿದು ಮೂಳೆಯನ್ನು ಮೆಲ್ಲಗೆ ತಿನ್ನುತ್ತದೆ. ತಿಂಗಳುಗಟ್ಟಲೆ ಸದ್ದೇ ಇರುವುದಿಲ್ಲ. ಕೆಲವರಿಗೆ ಆ ಹಲ್ಲಿನ ಪಕ್ಕ ವಸಡಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಏಳುತ್ತದೆ, ಒಡೆದರೆ ಉಪ್ಪುಪ್ಪು ಕೀವು ಬರುತ್ತದೆ. ನೋವಿಲ್ಲ ಅಂತ ಅದನ್ನು ವರ್ಷಗಟ್ಟಲೆ ಇಟ್ಟುಕೊಂಡು ಬಂದವರನ್ನು ನೋಡಿದ್ದೇನೆ.

ಲವಂಗದ ಎಣ್ಣೆ ಸುಳ್ಳಲ್ಲ. ಅದರಲ್ಲಿರುವ ಯುಜೆನಾಲ್ ನರವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಹತ್ತಿಗೆ ಒಂದು ಹನಿ ಹಾಕಿ ಕುಳಿಗೆ ಮಾತ್ರ ಇಡಬೇಕು, ವಸಡಿಗೆ ತಾಗಿದರೆ ಸುಡುತ್ತದೆ. ಮಾತ್ರೆಯನ್ನು ನುಂಗಬೇಕು, ಹಲ್ಲಿನ ಪಕ್ಕ ಒತ್ತಿ ಇಟ್ಟುಕೊಳ್ಳಬಾರದು. ಹಾಗೆ ಆಸ್ಪಿರಿನ್ ಇಟ್ಟುಕೊಂಡು ಮಲಗಿದ್ದ ಒಬ್ಬರ ಕೆನ್ನೆಯ ಒಳಭಾಗ ಹಾಲಿನ ಕೆನೆಯ ಹಾಗೆ ಬೆಳ್ಳಗೆ ಸುಲಿದು ಬಂದಿತ್ತು. ಹಲ್ಲುನೋವಿನ ಜೊತೆ ಸುಟ್ಟ ಗಾಯ ಬೇರೆ.

ತಿಪಟೂರು ಹತ್ತಿರದವರೇ ಮತ್ತೆ:
ತೋರಿಸಿದರೆ ಕೀಳಿಸಬೇಕು ಅನ್ನುತ್ತಾರೆ, ಕಿತ್ತರೆ ಕಣ್ಣು ಮಂಜಾಗುತ್ತದೆ ಅಂತ ಅಮ್ಮ ಹೆದರಿಸುತ್ತಿದ್ದಾರೆ. ಖರ್ಚೂ ಜಾಸ್ತಿ ಅಲ್ವಾ? ಆಂಟಿಬಯಾಟಿಕ್ ಐದು ದಿನ ತಗೊಂಡರೆ ಆಗಲ್ವಾ?

ಉತ್ತರ:
ಕಣ್ಣಿನ ನರ ಬೇರೆ, ಹಲ್ಲಿನ ನರ ಬೇರೆ. ಹಲ್ಲು ಕೀಳಿಸಿದ್ದರಿಂದ ದೃಷ್ಟಿ ಮಂಜಾಗುವುದಿಲ್ಲ. ವಯಸ್ಸಾದವರು ಹಲ್ಲು ಕೀಳಿಸುವ ಕಾಲಕ್ಕೇ ಕಣ್ಣಿಗೆ ಪೊರೆಯೂ ಬರುವುದರಿಂದ ಈ ಮಾತು ಹುಟ್ಟಿರಬೇಕು. ಅಮ್ಮನಿಗೆ ಧೈರ್ಯ ಹೇಳಿ.

ಆಂಟಿಬಯಾಟಿಕ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸತ್ತ ನರದ ಕೋಣೆಗೆ ರಕ್ತವೇ ಹೋಗುವುದಿಲ್ಲ, ಔಷಧಿ ಹೇಗೆ ಹೋಗಬೇಕು? ಊತ, ಜ್ವರ ಇದ್ದರೆ ವೈದ್ಯರೇ ಬರೆದುಕೊಡುತ್ತಾರೆ. ಆಗಲೂ ಹಲ್ಲಿಗೆ ಚಿಕಿತ್ಸೆ ಆಗಲೇಬೇಕು.

ಮೇಲೆ ಗಟ್ಟಿ ಭಾಗ ಸಾಕಷ್ಟು ಉಳಿದಿದ್ದರೆ ರೂಟ್ ಕೆನಾಲ್ (ಸತ್ತ ನರ ತೆಗೆದು, ಒಳಗನ್ನು ಶುಚಿ ಮಾಡಿ ತುಂಬುವುದು) ಮಾಡಿಸಿ ಕ್ಯಾಪ್ ಹಾಕಿಸಿಕೊಳ್ಳಿ. ಉಳಿದಿಲ್ಲದಿದ್ದರೆ ಕೀಳಿಸುವುದು. ಅದನ್ನು ಎಕ್ಸ್‌ರೇ ನೋಡಿಯೇ ಹೇಳಬೇಕು. ಖರ್ಚಿನ ಚಿಂತೆ ಇದ್ದರೆ ಮೊದಲು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ. ತುಮಕೂರಿನಲ್ಲಿ ಸಿದ್ಧಾರ್ಥ ದಂತ ಕಾಲೇಜಿದೆ, ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಸರ್ಕಾರಿ ದಂತ ಕಾಲೇಜಿದೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೇಷ್ಟರ ಕಣ್ಣೆದುರೇ ಕೆಲಸ ಮಾಡುತ್ತಾರೆ. ಹೊತ್ತು ಹಿಡಿಯುತ್ತದೆ, ದುಡ್ಡು ಸಾಮಾನ್ಯವಾಗಿ ಕಡಿಮೆ.

ಇನ್ನೊಬ್ಬರ ಪ್ರಶ್ನೆ (ಹಾವೇರಿ ಕಡೆಯಿಂದ):
ಮೇಡಂ, ನಮ್ಮ ತಾಯಿಗೆ 58, ಶುಗರ್ ಇದೆ. ಕೆಳಗಿನ ಹಲ್ಲು ನೋಯುತ್ತಿತ್ತು, ನಿನ್ನೆಯಿಂದ ದವಡೆ ಕೆಳಗೆ ಊದಿದೆ. ಉಪ್ಪಿನ ಗಂಟು ಬಿಸಿ ಮಾಡಿ ಕಾವು ಕೊಡುತ್ತಿದ್ದೇವೆ. ಜ್ವರ ಇದೆ. ಬಾಯಿ ಸರಿಯಾಗಿ ತೆರೆಯಲು ಆಗುತ್ತಿಲ್ಲ, ಗಂಜಿ ನುಂಗಲು ಕಷ್ಟ ಅನ್ನುತ್ತಾರೆ. ಸೋಮವಾರ ಕರೆದುಕೊಂಡು ಹೋದರೆ ಆದೀತಾ?

ಉತ್ತರ:
ಸೋಮವಾರ ಬೇಡ. ಈಗಲೇ ಹೊರಡಿ. ಸಣ್ಣ ಕ್ಲಿನಿಕ್‌ಗೆ ಹೋಗಬೇಡಿ, ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಉಸಿರಾಟ ಕಷ್ಟ, ಜೊಲ್ಲು ನುಂಗಲು ಆಗುತ್ತಿಲ್ಲ, ನಾಲಿಗೆ ಮೇಲೆ ಎದ್ದ ಹಾಗಿದೆ ಅಂದರೆ ಗಾಡಿ ಹುಡುಕುತ್ತಾ ಕೂರದೆ ತಕ್ಷಣ 108ಕ್ಕೇ ಮಾಡಿ. ದವಡೆ ಕೆಳಗಿನ ಸೋಂಕು ಕುತ್ತಿಗೆಗೆ ಇಳಿದರೆ ಉಸಿರಿನ ದಾರಿಯನ್ನೇ ಮುಚ್ಚಬಹುದು. ಶುಗರ್ ಇರುವವರಲ್ಲಿ ಬೇಗ ಹರಡುತ್ತದೆ.

ಕಾವು ಕೊಡುವುದನ್ನು ನಿಲ್ಲಿಸಿ. ಮಲಗಿಸದೆ ಕೂರಿಸಿಯೇ ಕರೆದುಕೊಂಡು ಹೋಗಿ. ಶುಗರ್ ಮಾತ್ರೆಗಳ ಚೀಟಿ ಜೊತೆಗಿರಲಿ. ಕಡೆಯ ಸಲ ಏನು ತಿಂದರು, ಎಷ್ಟು ಹೊತ್ತಿಗೆ ಅನ್ನುವುದನ್ನೂ ಅಲ್ಲಿ ಹೇಳಿ. ತಲುಪಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಮತ್ತೊಬ್ಬರು:
ತಂದೆಗೆ 63. ಮಹಡಿ ಹತ್ತುವಾಗ ಎಡ ದವಡೆ ಹಲ್ಲೆಲ್ಲ ನೋಯುತ್ತದೆ, ಕೂತರೆ ಐದು ನಿಮಿಷದಲ್ಲಿ ಹೋಗುತ್ತದೆ. ಯಾವ ಹಲ್ಲು ಅಂತ ಗೊತ್ತಾಗುತ್ತಿಲ್ಲ. ಯಾವ ಟೂತ್‌ಪೇಸ್ಟ್ ಒಳ್ಳೆಯದು?

ಉತ್ತರ:
ಇದು ಹಲ್ಲಿನದು ಅಂತ ನನಗೆ ಅನ್ನಿಸುವುದಿಲ್ಲ. ಹೃದಯದ ನೋವು ಕೆಲವರಿಗೆ ದವಡೆಯಲ್ಲೇ ಕಾಣಿಸಿಕೊಳ್ಳುತ್ತದೆ. ಹತ್ತಿದಾಗ ಬಂದು, ಕೂತಾಗ ಹೋಗುವುದೇ ಅದರ ಗುರುತು. ಇವತ್ತೇ ಹೃದಯದ ವೈದ್ಯರಿಗೆ ತೋರಿಸಿ ಇಸಿಜಿ ಮಾಡಿಸಿ. ಕೂತಾಗಲೂ ನೋವು ನಿಲ್ಲದಿದ್ದರೆ, ಬೆವರು, ಎದೆ ಬಿಗಿತ ಬಂದರೆ, ಒಂದು ಕ್ಷಣವೂ ಕಾಯಬೇಡಿ. ಟೂತ್‌ಪೇಸ್ಟ್ ವಿಷಯ ಆಮೇಲೆ ಮಾತಾಡೋಣ.

ಇನ್ನೊಂದು ಪ್ರಶ್ನೆ:
ರಾತ್ರಿ ಹೊತ್ತು ಎಲ್ಲೂ ಕ್ಲಿನಿಕ್ ತೆರೆದಿರುವುದಿಲ್ಲ. ಬೆಳಗಿನವರೆಗೆ ಏನು ಮಾಡಬೇಕು?

ಉತ್ತರ:
ಊತ, ಜ್ವರ ಇಲ್ಲದಿದ್ದರೆ ಪ್ಯಾರಾಸಿಟಮಾಲ್ 650 ಒಂದು ಮಾತ್ರೆ ನುಂಗಿ. ಮತ್ತೆ ಬೇಕಾದರೆ ಆರು ಗಂಟೆ ಬಿಟ್ಟು. ದಿನಕ್ಕೆ ನಾಲ್ಕು ದಾಟಬಾರದು. ಶೀತದ ಮಾತ್ರೆಯಲ್ಲೂ ಅದೇ ಇರುತ್ತದೆ, ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು ವೈದ್ಯರನ್ನು ಕೇಳದೆ ತಗೊಳ್ಳಬೇಡಿ. ಐಬುಪ್ರೊಫೇನ್ ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರಿಗೆ, ಬಸುರಿಯರಿಗೆ, ಡೆಂಗ್ಯೂ ಸಂಶಯ ಇರುವವರಿಗೆ ಬೇಡ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಹಲ್ಲಿನ ಸಂದಿಯಲ್ಲಿ ಮಾಂಸದ ನಾರು, ಸೊಪ್ಪು ಸಿಕ್ಕಿದ್ದರೆ ದಾರದಿಂದ ಮೆಲ್ಲಗೆ ತೆಗೆಯಿರಿ. ಪಿನ್ನು, ಕಡ್ಡಿ ಬೇಡ. ತಲೆಗೆ ಎರಡು ದಿಂಬು ಇಟ್ಟು ಮಲಗಿ. ನೋಯುವ ಹಲ್ಲಿಗೆ ಹೊಗೆಸೊಪ್ಪು ಒತ್ತಿ ಇಡುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ.

ಹಾವೇರಿ ಕಡೆಯವರು:
ಮೇಡಂ, ತಲುಪಿದೆವು. ಅಡ್ಮಿಟ್ ಮಾಡಿಕೊಂಡಿದ್ದಾರೆ. ಕೀವು ತೆಗೆಯುತ್ತಾರಂತೆ.

ಉತ್ತರ:
ಒಳ್ಳೆಯದಾಯಿತು. ಊತ ಇಳಿದ ಮೇಲೆ ಆ ಹಲ್ಲಿಗೆ ಏನು ಮಾಡಬೇಕು ಅಂತ ಬಿಡುಗಡೆಗೆ ಮುಂಚೆಯೇ ಕೇಳಿಕೊಳ್ಳಿ. ಹಲ್ಲನ್ನು ಹಾಗೇ ಬಿಟ್ಟರೆ ಊತ ಮತ್ತೆ ಬರುತ್ತದೆ.

ತಿಪಟೂರಿನವರು:
ಶನಿವಾರ ತುಮಕೂರಿಗೆ ಹೋಗುತ್ತಿದ್ದೇನೆ ಡಾಕ್ಟರೇ.

ಉತ್ತರ:
ಹೋಗಿ ಬನ್ನಿ. ಅಲ್ಲಿಯವರೆಗೆ ಆ ಕಡೆ ಗಟ್ಟಿ ಪದಾರ್ಥ ಅಗಿಯಬೇಡಿ, ಸತ್ತ ಹಲ್ಲು ಸುಲಭವಾಗಿ ಸೀಳುತ್ತದೆ. ಮಧ್ಯೆ ಊತ ಕಂಡರೆ ಶನಿವಾರದವರೆಗೆ ಕಾಯಬೇಡಿ.