ಓರೆಮ್ ಸಿದ್ಧಾಂತ ವಾರ್ಡಿನಲ್ಲಿ ಹೇಗೆ ಒದಗುತ್ತದೆ?

ಪ್ರಶ್ನೆ (ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ):
ಅಮೆರಿಕದ ಶುಶ್ರೂಷಾ ಚಿಂತಕಿ ಡೊರೊಥಿಯಾ ಓರೆಮ್ ಅವರ ಸ್ವ-ಆರೈಕೆ ಕೊರತೆಯ ಸಿದ್ಧಾಂತವನ್ನು (ರೋಗಿ ತಾವೇ ಮಾಡಿಕೊಳ್ಳಲಾಗದಷ್ಟು ಆರೈಕೆಯನ್ನು ಶುಶ್ರೂಷಕಿ ತುಂಬಿಕೊಡಬೇಕು ಎಂಬುದನ್ನು) ನಾವು ಪರೀಕ್ಷೆಗೆಂದು ಓದುತ್ತೇವೆ, ಆದರೆ ವಾರ್ಡಿನಲ್ಲಿ ಔಷಧಿ, ಡ್ರೆಸ್ಸಿಂಗ್, ಚಾರ್ಟುಗಳ ನಡುವೆ ಅದರ ಪ್ರಸ್ತಾಪವೇ ಬರುವುದಿಲ್ಲ. ಅದರ ನಿಜವಾದ ಉಪಯೋಗವನ್ನು ಹಿರಿಯರು ದಯವಿಟ್ಟು ತಿಳಿಸಬೇಕು.

ಉತ್ತರ (ಶಸ್ತ್ರಚಿಕಿತ್ಸಾ ವಾರ್ಡಿನ ಹಿರಿಯ ಶುಶ್ರೂಷಕಿ):
ಹೆಸರು ಹೇಳದಿದ್ದರೂ ನಾವು ಅದನ್ನು ದಿನವೂ ಬಳಸುತ್ತೇವಮ್ಮ. ಕರುಳಿನ ಶಸ್ತ್ರಚಿಕಿತ್ಸೆಯಾಗಿ ಅರಿವಳಿಕೆಯ ಮಂಪರಿನಲ್ಲಿರುವ ರೋಗಿಗೆ ಎಲ್ಲವನ್ನೂ ನಾವೇ ಮಾಡುತ್ತೇವೆ. ಇದು ಓರೆಮ್ ಹೇಳುವ ಪೂರ್ಣ ಪೂರಕ ವ್ಯವಸ್ಥೆ. ರೋಗಿ ತಾವೇ ಮುಖ ತೊಳೆದುಕೊಳ್ಳುವಂತಾಗಿ, ನಡೆಯುವುದಕ್ಕೆ ಮಾತ್ರ ನಮ್ಮ ಆಸರೆ ಬೇಕಾದಾಗ ಅದು ಭಾಗಶಃ ಪೂರಕ. ಕೊಲೊಸ್ಟೊಮಿ ಚೀಲವನ್ನು (ಹೊಟ್ಟೆಯ ಮೇಲೆ ಮಾಡಿದ ರಂಧ್ರದಿಂದ ಬರುವ ಮಲವನ್ನು ಸಂಗ್ರಹಿಸುವ ಚೀಲ) ತಾವೇ ಬದಲಿಸಿಕೊಳ್ಳಲು ಕಲಿಸಿ, ಧೈರ್ಯ ತುಂಬಿ ಮನೆಗೆ ಕಳುಹಿಸುವುದು ಬೆಂಬಲ ಮತ್ತು ಶಿಕ್ಷಣದ ವ್ಯವಸ್ಥೆ. ರೋಗಿ ಮಾಡಬಲ್ಲದ್ದನ್ನೂ ನಾವೇ ಮಾಡಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಅವರ ಆತ್ಮವಿಶ್ವಾಸ ಕುಗ್ಗುತ್ತದೆ. ಎಲ್ಲಿ ಕೈ ಹಿಡಿಯಬೇಕು, ಎಲ್ಲಿ ಕೈ ಬಿಡಬೇಕು ಎಂಬ ವಿವೇಕವನ್ನು ಕೊಡುವುದೇ ಈ ಸಿದ್ಧಾಂತದ ದೊಡ್ಡ ಗುಣವೆಂದು ನಾನು ದೃಢವಾಗಿ ನಂಬುತ್ತೇನೆ.

ಉತ್ತರ (ನರ್ಸಿಂಗ್ ಬೋಧಕ):
ಮೇಡಂ ಅವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ನಮ್ಮಲ್ಲಿ ವಯಸ್ಸಾದವರ ಆರೈಕೆ ಹೆಚ್ಚಾಗಿ ಮಗಳ ಅಥವಾ ಸೊಸೆಯ ಹೆಗಲಿಗೆ ಬೀಳುವುದರಿಂದ, ಇನ್ಸುಲಿನ್ ಕೊಡುವ ಕ್ರಮವನ್ನು ಅವರಿಗೂ ಕಲಿಸಿ, ಅವರಿಂದಲೇ ಮಾಡಿಸಿ ನೋಡಬೇಕು. ಮನೋರೋಗ ವಿಭಾಗದಲ್ಲಾದರೆ ಇನ್ನೊಬ್ಬ ಶುಶ್ರೂಷಾ ಚಿಂತಕಿ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲಿ ಮಂಡಿಸಿದ, ಶುಶ್ರೂಷಕಿ ಮತ್ತು ರೋಗಿಯ ನಡುವಿನ ಸಂಬಂಧವನ್ನೇ ಕೇಂದ್ರವಾಗಿಸಿಕೊಂಡ ಸಿದ್ಧಾಂತ ಹೆಚ್ಚು ಹೊಂದುತ್ತದೆ.

ವಿದ್ಯಾರ್ಥಿನಿ:
ಧನ್ಯವಾದಗಳು ಮೇಡಂ, ಸರ್. ನನ್ನ ಮುಂದಿನ ಕೇರ್ ಪ್ಲಾನಿನಲ್ಲಿ, ರೋಗಿ ತಾವೇ ಏನೇನು ಮಾಡಿಕೊಳ್ಳಬಲ್ಲರು ಎಂಬುದನ್ನು ಮೊದಲು ಬರೆಯುತ್ತೇನೆ.